ಅಪ್ಪನ ಡಿಸ್ಚಾರ್ಜ್ ಬುಕ್ಕಿನಲ್ಲಿ ನನ್ನ ಹೆಸರು

ನಮ್ಮ ಮನೆಯ ಅಟ್ಟದಲ್ಲಿ ಒಂದು ಕಪ್ಪು ಟ್ರಂಕು ಇದೆ. ಅದರ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ನಂಬರು, ರ‍್ಯಾಂಕು, ಹೆಸರು ಬರೆದಿದೆ. 2023ರ ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ಅಪ್ಪ ಅದನ್ನು ಕೆಳಗಿಳಿಸಿದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಒಂದು ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟರು.

‘ನೋಡ್ ಮಗ, ನಿನ್ ಕಾಲೇಜಿಗೆ ಇದ್ರಲ್ಲೇ ದಾರಿ ಐತಂತೆ’ ಅಂದರು.

ಅದು ಅವರ ಡಿಸ್ಚಾರ್ಜ್ ಬುಕ್, ಅಂದರೆ ಸೈನ್ಯದಿಂದ ನಿವೃತ್ತರಾದಾಗ ಕೊಡುವ, ಸರ್ವಿಸಿನ ವಿವರವೆಲ್ಲ ಇರುವ ಪುಸ್ತಕ. ಹದಿನೆಂಟು ವರ್ಷ ಅದೇ ಮನೆಯಲ್ಲಿ ಬೆಳೆದರೂ ನಾನು ಅದನ್ನು ಅಲ್ಲಿಯವರೆಗೆ ಮುಟ್ಟಿರಲಿಲ್ಲ.

ನಮ್ಮದು ಹುಣಸೂರು ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಪಿಯುಸಿ ಮುಗಿಸಿ ಬಿ.ಎ.ಗೆ ಸೇರಿದ್ದರಂತೆ. ಆರು ತಿಂಗಳಲ್ಲಿ ಬಿಟ್ಟರು. ಮನೆಯಲ್ಲಿ ದುಡ್ಡಿರಲಿಲ್ಲ, ಅಷ್ಟೇ ಕಾರಣ. 1995ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಸೈನ್ಯಕ್ಕೆ ಸೇರಿದರು. ಬೆಂಗಳೂರಿನ ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲಬಾಂಬ್ ತೆಗೆಯುವುದು ಅವರ ಕೆಲಸ. 24 ವರ್ಷ ದುಡಿದು 2019ರಲ್ಲಿ ಹವಾಲ್ದಾರ್ ಆಗಿ ಊರಿಗೆ ಬಂದರು. ಬಂದ ಮೇಲೆ ಎರಡು ಎಕರೆ ಹೊಗೆಸೊಪ್ಪು ಶುರು ಮಾಡಿದರು. ಪೆನ್ಷನ್ ಬರುತ್ತದೆ. ಆದರೆ ನಿವೃತ್ತಿಯಾದಾಗ ಸಿಕ್ಕ ಇಡುಗಂಟು ಮನೆ ಕಟ್ಟಲು, ಬೋರ್‌ವೆಲ್ ಕೊರೆಸಲು, ಅಜ್ಜಿಯ ಆಪರೇಷನ್ನಿಗೆ ಖರ್ಚಾಗಿ ಹೋಗಿತ್ತು.

ನನಗೆ ಸಿಇಟಿಯಲ್ಲಿ ಮೈಸೂರಿನ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಸರ್ಕಾರಿ ಕೋಟಾ ಆದರೂ ವರ್ಷದ ಫೀಸು ಲಕ್ಷದ ಹತ್ತಿರ. ಹಾಸ್ಟೆಲ್ಲು, ಊಟ ಬೇರೆ. ಮೊದಲ ವರ್ಷದ್ದು ಹೇಗೋ ಕಟ್ಟಿದೆವು. ಅಮ್ಮನ ಎರಡು ಬಳೆ ಬ್ಯಾಂಕಿಗೆ ಹೋದವು. ಎರಡನೇ ವರ್ಷಕ್ಕೆ ಏನು ಮಾಡುವುದು ಅಂತ ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ.

ಆಗ ಮೈಸೂರಿನ ಮಿಲಿಟರಿ ಕ್ಯಾಂಟೀನಿನ ಕ್ಯೂನಲ್ಲಿ ಅಪ್ಪನಿಗೆ ಇನ್ನೊಬ್ಬ ಮಾಜಿ ಸೈನಿಕರು ಸಿಕ್ಕಿದ್ದಾರೆ. ಮಾತಿಗೆ ಮಾತು ಬಂದು, ‘ಮಗಳು ಫಸ್ಟ್ ಇಯರ್ ತಾನೇ? ಈ ವರ್ಷವೇ ಪಿಎಂ ಸ್ಕಾಲರ್‌ಶಿಪ್‌ಗೆ ಹಾಕ್ಬಿಡಿ. ಸೆಕೆಂಡ್ ಇಯರಿಗೆ ಹೋದ್ರೆ ಮುಗೀತು’ ಅಂದರಂತೆ. ಆ ಒಂದು ಮಾತಿಗೆ ನಾನು ಇವತ್ತಿಗೂ ಋಣಿ.

ಈ ಯೋಜನೆಯ ಪೂರ್ತಿ ಹೆಸರು ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಯೋಜನೆ. ಮಾಜಿ ಸೈನಿಕರ ಮಕ್ಕಳಿಗೆ, ಸೈನಿಕರ ವಿಧವೆಯರಿಗೆ ಅಂತ 2006ರಲ್ಲಿ ಶುರುವಾದದ್ದು. ಕೋಸ್ಟ್ ಗಾರ್ಡ್‌ನಿಂದ ನಿವೃತ್ತರಾದವರಿಗೂ ಇದೆ. ದುಡ್ಡು ರಾಷ್ಟ್ರೀಯ ರಕ್ಷಣಾ ನಿಧಿಯದು. ನೋಡಿಕೊಳ್ಳುವುದು ದೆಹಲಿಯ ಕೇಂದ್ರೀಯ ಸೈನಿಕ ಮಂಡಳಿ. ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500 ರೂಪಾಯಿ. 2019ಕ್ಕೆ ಮುಂಚೆ ಇದು 2,250 ಮತ್ತು 2,000 ಇತ್ತು. ತಿಂಗಳ ಲೆಕ್ಕ ಹೇಳಿದರೂ ವರ್ಷಕ್ಕೊಂದು ಸಲ ಒಟ್ಟಿಗೇ ಖಾತೆಗೆ ಬರುತ್ತದೆ. ಅಂದರೆ ನನಗೆ ವರ್ಷಕ್ಕೆ 36,000. ನಾಲ್ಕು ವರ್ಷಕ್ಕೆ 1,44,000. ಪೂರ್ತಿ ಫೀಸಿಗೆ ಸಾಲುವುದಿಲ್ಲ, ನಿಜ. ಆದರೆ ನಮ್ಮ ಮನೆಯಲ್ಲಿ 36,000 ಅಂದರೆ ಬಳೆ ಅಡ ಇಡುವುದಕ್ಕೂ ಇಡದೇ ಇರುವುದಕ್ಕೂ ಇರುವ ವ್ಯತ್ಯಾಸ.

ಪಿಯುಸಿಯಲ್ಲಿ ಶೇ 60 ಇರಬೇಕು. ವೃತ್ತಿಪರ ಕೋರ್ಸ್ ಆಗಿರಬೇಕು. ಎಂಜಿನಿಯರಿಂಗ್, ಮೆಡಿಕಲ್, ಬಿ.ಎಸ್ಸಿ. ನರ್ಸಿಂಗ್, ಬಿ.ಫಾರ್ಮಾ, ಬಿಸಿಎ, ಬಿಬಿಎ, ಬಿ.ಎಡ್ ಈ ಥರದವು. ಮಾಮೂಲಿ ಬಿ.ಎ., ಬಿ.ಕಾಂ.ಗೆ ಸಿಗುವುದಿಲ್ಲ. ದೂರಶಿಕ್ಷಣಕ್ಕೂ ಇಲ್ಲ. ಅಪ್ಪ ಇನ್ನೂ ಸರ್ವಿಸಿನಲ್ಲಿದ್ದರೆ ಬರುವುದಿಲ್ಲ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 5,500 ಮಕ್ಕಳಿಗೆ, ಅರ್ಧ ಹುಡುಗಿಯರು, ಅರ್ಧ ಹುಡುಗರು. ಯುದ್ಧದಲ್ಲಿ ಪ್ರಾಣ ಕೊಟ್ಟವರ ಮಕ್ಕಳಿಗೆ ಮೊದಲ ಜಾಗ. ಆಮೇಲೆ ಯುದ್ಧದಲ್ಲಿ ಅಂಗವಿಕಲರಾದವರು, ಸೇವೆಯಲ್ಲಿದ್ದಾಗ ತೀರಿಕೊಂಡವರು, ಹೀಗೆ ಸಾಲು. ನಮ್ಮಪ್ಪನ ಥರ ಆರಾಮಾಗಿ ವಾಪಸ್ ಬಂದವರ ಮಕ್ಕಳದ್ದು ಆರನೇ, ಅಂದರೆ ಕೊನೆಯ ವರ್ಗ. ಈ ಸಾಲು ಓದಿದಾಗ ನನಗೆ ಬೇಜಾರಾಗಲಿಲ್ಲ. ಕೊನೆಯಲ್ಲಿ ಇರುವುದೇ ನಮ್ಮ ಪುಣ್ಯ ಅನ್ನಿಸಿತು.

ಆ ರಾತ್ರಿ ಡಿಸ್ಚಾರ್ಜ್ ಬುಕ್ಕಿನಲ್ಲಿ ಕುಟುಂಬದ ಪುಟ ತೆಗೆದೆ. ಅಮ್ಮನ ಹೆಸರು ಸರಿ ಇತ್ತು. ತಮ್ಮನದೂ ಸರಿ. ನನ್ನ ಹುಟ್ಟಿದ ದಿನಾಂಕ ಸರಿ. ಹೆಸರು ಮಾತ್ರ ನನ್ನದಲ್ಲ. ನನ್ನ ಹೆಸರಿನ ಮುಂದೆ ‘ಕುಮಾರಿ’ ಅಂತ ಸೇರಿತ್ತು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇರುವ ಎರಡು ಇನಿಶಿಯಲ್ ಇಲ್ಲವೇ ಇಲ್ಲ.

ಅಪ್ಪ ತುಂಬ ಹೊತ್ತು ಆ ಪುಟ ನೋಡಿದರು. ಆಮೇಲೆ ನೆನಪು ಮಾಡಿಕೊಂಡು ಹೇಳಿದರು. 2005ರಲ್ಲಿ ನಾನು ಹುಟ್ಟಿದಾಗ ಅವರು ಜಮ್ಮು ಕಡೆ ಇದ್ದರು. ಊರಿಂದ ಕಳಿಸಿದ ಕಾಗದದಲ್ಲಿ ನನ್ನ ಹೆಸರಿನ ಜೊತೆ ಯಾರೋ ಗೌರವಕ್ಕೆ ‘ಕುಮಾರಿ’ ಅಂತ ಬರೆದಿದ್ದಾರೆ. ಅಲ್ಲಿನ ಗುಮಾಸ್ತರಿಗೆ ಕನ್ನಡದ ಹೆಸರು ಹೇಗಿರುತ್ತದೆ ಅಂತ ಗೊತ್ತಿಲ್ಲ. ಅವರ ಕಡೆ ಕುಮಾರಿ ಅನ್ನುವುದು ಹೆಸರಿನದೇ ಭಾಗ. ಹಾಗೇ ದಾಖಲಾಯಿತು. ಸೈನ್ಯದಲ್ಲಿ ಮದುವೆ, ಮಗು, ಎಲ್ಲದಕ್ಕೂ ಒಂದು ಆದೇಶ ಹೊರಡುತ್ತದೆ. ಅದಕ್ಕೆ ‘ಪಾರ್ಟ್ ಟೂ ಆರ್ಡರ್’ ಅನ್ನುತ್ತಾರೆ. ಒಂದು ಸಲ ಅದರಲ್ಲಿ ಬಂದದ್ದು ಮುಂದಿನ ಎಲ್ಲ ಕಾಗದಕ್ಕೂ ಬರುತ್ತದೆ.

‘ನಾನೂ ಓದಿ ನೋಡ್ಲಿಲ್ಲ ಮಗ. ಹೆಣ್ಮಗು ಅಂತ ಫೋನ್ ಬಂತಲ್ಲ, ಆ ಖುಷೀಲಿ ಸೈನ್ ಹಾಕ್ಬಿಟ್ಟೆ’ ಅಂದರು.

ಮಾರನೇ ವಾರ ಇಬ್ಬರೂ ಮೈಸೂರಿಗೆ ಹೋದೆವು. ಅದು ಬ್ಯಾರನ್, ಅಂದರೆ ಹೊಗೆಸೊಪ್ಪು ಬೇಯಿಸುವ ಮನೆ, ಉರಿಸುವ ಕಾಲ. ಹೊಗೆಸೊಪ್ಪು ಬೇಯಿಸುವುದು ಗೊತ್ತಿದ್ದವರಿಗೆ ಗೊತ್ತು, ಒಂದು ಸಲ ಬೆಂಕಿ ಹಚ್ಚಿದರೆ ಹಗಲು ರಾತ್ರಿ ಯಾರಾದರೂ ಕಾಯಲೇಬೇಕು. ಬಿಸಿ ಹೆಚ್ಚಾದರೆ ಸೊಪ್ಪು ಕಪ್ಪಾಗುತ್ತದೆ, ಕಡಿಮೆಯಾದರೆ ಹಸಿರು ನಿಲ್ಲುತ್ತದೆ. ಅಪ್ಪ ರಾತ್ರಿಯೆಲ್ಲ ಸೌದೆ ಹಾಕಿ, ಬೆಳಿಗ್ಗೆ ಅಮ್ಮನನ್ನು ಅಲ್ಲಿ ಕೂರಿಸಿ, ಸ್ನಾನ ಮಾಡಿ ಬಂದರು. ಬಸ್ಸಿನಲ್ಲಿ ನನಗೆ ಶಕ್ತಿ ಯೋಜನೆಯ ಟಿಕೆಟ್, ಅಪ್ಪನಿಗೆ ದುಡ್ಡಿನ ಟಿಕೆಟ್. ಬಿಳಿಕೆರೆ ದಾಟುವುದರೊಳಗೆ ಅವರು ನಿದ್ದೆ ಹೋಗಿದ್ದರು. ಶರ್ಟಿಗೆ ಹೊಗೆಯ ವಾಸನೆ ಹಾಗೇ ಇತ್ತು.

ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯನ್ನು ಮಾಜಿ ಸೈನಿಕರೆಲ್ಲ ಸೈನಿಕ್ ಬೋರ್ಡ್ ಅಂತಲೇ ಕರೆಯುತ್ತಾರೆ. ಅಲ್ಲಿ ನಮ್ಮ ಕಾಗದ ನೋಡಿದವರೂ ಮಾಜಿ ಸೈನಿಕರೇ.

‘ಯಾವ ರೆಜಿಮೆಂಟ್ ಸಾಬ್?’

‘ಎಂಇಜಿ.’

‘ಓಹೋ, ತಂಬಿ!’ ಅಂದರು. ಎಂಇಜಿಯವರನ್ನು ಸೈನ್ಯದಲ್ಲೆಲ್ಲ ತಂಬಿ ಅಂತಲೇ ಕರೆಯುವುದು. ಅಪ್ಪನ ಮುಖದಲ್ಲಿ ರಾತ್ರಿಯ ಸುಸ್ತು ಎಲ್ಲಿ ಹೋಯಿತೋ.

ಅವರು ನನ್ನ ಮಾರ್ಕ್ಸ್ ಕಾರ್ಡನ್ನೂ ಡಿಸ್ಚಾರ್ಜ್ ಬುಕ್ಕನ್ನೂ ಪಕ್ಕಪಕ್ಕ ಇಟ್ಟು, ಬೆರಳಿಟ್ಟು ಒಂದೊಂದೇ ಅಕ್ಷರ ಹೋಲಿಸಿದರು. ‘ಅಮ್ಮಾ, ನೀನು ಇವರ ಮಗಳು ಅಂತ ನನಗೆ ಗೊತ್ತು. ಆದ್ರೆ ದೆಹಲೀಲಿ ಕೂತಿರೋರಿಗೆ ಈ ಕಾಗದ ಹೇಳ್ಬೇಕು’ ಅಂದರು. ಹೆಸರು ಸರಿಯಾಗದೆ ಹಾಕಿದರೆ ಅರ್ಜಿ ವಾಪಸ್ ಬರುವುದು ಖಚಿತ. ಸೈನಿಕರ ದಾಖಲೆ ಇಡುವ ಬೆಂಗಳೂರಿನ ಎಂಇಜಿ ರೆಕಾರ್ಡ್ಸ್ ಆಫೀಸಿನಿಂದ ಸರಿ ಮಾಡಿಸಿಕೊಂಡು ಬನ್ನಿ, ನವೆಂಬರ್ ಮುಗಿಯುವುದರೊಳಗೆ ಅರ್ಜಿ ಹೋಗಬೇಕು ಅಂತ ಹೇಳಿ, ಏನೇನು ಬೇಕು ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿ ಈಗಲೂ ನನ್ನ ಹತ್ತಿರ ಇದೆ. ಅಪ್ಪನ ಅರ್ಜಿ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಜನನ ಪ್ರಮಾಣಪತ್ರ, ಆಧಾರ್, ಎರಡೂ ಹೆಸರು ಒಬ್ಬಳದೇ ಅಂತ ಅಫಿಡವಿಟ್. ಅಫಿಡವಿಟ್ಟನ್ನು ಅವತ್ತೇ ನೋಟರಿ ಹತ್ತಿರ ಮಾಡಿಸಿದೆವು.

ಅಂಚೆಯಲ್ಲಿ ಕಳಿಸಬಹುದಿತ್ತು. ಅಪ್ಪ ಒಪ್ಪಲಿಲ್ಲ. ನಾವೇ ಹೋಗೋಣ ಅಂದರು. ಅಕ್ಟೋಬರ್ ಮೊದಲ ವಾರ, ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿದೆವು. ಮಂಡ್ಯ ಬರುವ ಹೊತ್ತಿಗೆ ನಾನು ಡಿಸ್ಚಾರ್ಜ್ ಬುಕ್ ತೆಗೆದು, ಮೊದಲಿಂದ ಓದಲು ಶುರು ಮಾಡಿದೆ.

ಅಪ್ಪನ ಬಗ್ಗೆ ನನಗೆ ಎಷ್ಟು ಕಡಿಮೆ ಗೊತ್ತಿತ್ತು ಅಂತ ಆಗ ತಿಳಿಯಿತು. ಎತ್ತರ, ಎದೆ ಅಳತೆ, ಮೈಮೇಲಿನ ಗುರುತು. ಸೇರಿದ ದಿನ, ಬಿಟ್ಟ ದಿನ. ಕಲಿತ ಕೆಲಸ. ಸ್ವಾತಂತ್ರ್ಯದ 50ನೇ ವರ್ಷದ ಮೆಡಲ್, 9 ವರ್ಷದ ಸೇವೆಯ ಮೆಡಲ್, 20 ವರ್ಷದ್ದು. ನಡತೆ ಅನ್ನುವ ಕಡೆ ಒಂದೇ ಪದ, ‘ಎಕ್ಸೆಂಪ್ಲರಿ’. ಅಂದರೆ ಎಲ್ಲರಿಗೂ ಮಾದರಿ. 24 ವರ್ಷದ ಬಗ್ಗೆ ಒಂದೇ ಪದ.

ನಾನು ಅದೇ ರೈಲಿನಲ್ಲಿ ಫೋನ್ ತೆಗೆದು ಒಂದು ಲೆಕ್ಕ ಮಾಡಿದೆ. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್ ರಜೆ. ಒಟ್ಟು 90. ಅಮ್ಮ ಅಜ್ಜಿಯನ್ನು ನೋಡಿಕೊಂಡು ಊರಿನಲ್ಲೇ ಉಳಿದರು, ನಾವು ಯಾವತ್ತೂ ಕ್ವಾರ್ಟರ್ಸ್‌ಗೆ ಹೋಗಿ ಇದ್ದವರಲ್ಲ. ನಾನು ಹುಟ್ಟಿದ 2005ರಿಂದ ಅಪ್ಪ ಬಂದ 2019ರವರೆಗೆ 14 ವರ್ಷ. ಎಲ್ಲ ರಜೆಯೂ ಪೂರ್ತಿ ಸಿಕ್ಕಿತ್ತು ಅಂದುಕೊಂಡರೂ 1,260 ದಿನ. ಮೂರೂವರೆ ವರ್ಷವೂ ಆಗುವುದಿಲ್ಲ. ನನ್ನ ಬಾಲ್ಯದಲ್ಲಿ ಅಪ್ಪ ಮನೆಯಲ್ಲಿ ಇದ್ದದ್ದು ಅಷ್ಟು. ಅದರಲ್ಲೂ ರೈಲಿನಲ್ಲಿ ಕಳೆದ ದಿನಗಳನ್ನು ತೆಗೆಯಬೇಕು.

‘ಏನ್ ಮಗ ಲೆಕ್ಕ?’ ಅಂತ ಅಪ್ಪ ಕೇಳಿದರು. ಸುಮ್ನೆ ಅಂದೆ. ಹೇಳಲು ಆಗಲಿಲ್ಲ.

ಸ್ಟೇಷನ್ನಿನಿಂದ ಮೆಟ್ರೊದಲ್ಲಿ ಹಲಸೂರು ಕಡೆ ಹೋದೆವು. ಎಂಇಜಿ ಸೆಂಟರ್ ಇರುವುದು ಹಲಸೂರು ಕೆರೆ ಹತ್ತಿರ. ಗೇಟಿನಲ್ಲಿ ಅಪ್ಪ ತಮ್ಮ ಮಾಜಿ ಸೈನಿಕರ ಗುರುತಿನ ಚೀಟಿ ತೋರಿಸಿದರು. ಕಾವಲಿಗಿದ್ದ ಹುಡುಗ ನನಗಿಂತ ಒಂದೆರಡು ವರ್ಷ ದೊಡ್ಡವನಿರಬೇಕು. ‘ರಾಮ್ ರಾಮ್ ಸಾಬ್’ ಅಂದ. ಅಪ್ಪ ನಡೆಯುವ ರೀತಿಯೇ ಬದಲಾಯಿತು. ಬ್ಯಾರನ್ ಹತ್ತಿರ ಬೆನ್ನು ಬಗ್ಗಿಸಿ ಸೌದೆ ತಳ್ಳುವ ಮನುಷ್ಯ ಇವರೇನಾ ಅನ್ನಿಸುವಂತೆ.

ಒಳಗೆ ಹೋಗುವಾಗ ಒಂದು ಕಡೆ ನಿಂತರು. ‘ಟ್ರೇನಿಂಗಿಗೆ ಬಂದಾಗ ಮೊದಲ್ನೇ ರಾತ್ರಿ ಅತ್ತುಬಿಟ್ಟಿದ್ದೆ. ಕಾಲೇಜ್ ಬಿಟ್ ಬಂದಿದ್ನಲ್ಲ. ನಮ್ ಕ್ಲಾಸಿನ ಹುಡುಗರೆಲ್ಲ ಪರೀಕ್ಷೆ ಬರೀತಾ ಇದ್ರು ಆಗ’ ಅಂದರು. ಇದನ್ನು ಅವರು ಅಮ್ಮನಿಗೂ ಹೇಳಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೇಳಿಲ್ಲ.

ರೆಕಾರ್ಡ್ಸ್‌ನಲ್ಲಿ ಕೆಲಸ ಅರ್ಧ ದಿನದಲ್ಲಿ ಮುಗಿಯಿತು. ಕಾಗದ ತೆಗೆದುಕೊಂಡು, ಒಂದು ಕಡೆ ಅಪ್ಪನ ಸಹಿ ಕಡಿಮೆ ಇದೆ ಅಂತ ಹಾಕಿಸಿಕೊಂಡು, ಆದೇಶ ಅಂಚೆಯಲ್ಲಿ ಬರುತ್ತದೆ ಅಂದರು. ಅದು ಬಂದದ್ದು ದೀಪಾವಳಿ ಕಳೆದ ಮೇಲೆ. ಆ ಐದಾರು ವಾರ ನಾನು ಹಾಸ್ಟೆಲ್ಲಿಂದ ದಿನಾ ಫೋನ್ ಮಾಡಿ ‘ಪೋಸ್ಟ್ ಬಂತಾ’ ಅಂತ ಕೇಳುತ್ತಿದ್ದೆ. ಮಧ್ಯೆ ದಸರಾ ಬಂತು, ಊರೆಲ್ಲ ದೀಪ. ಗೆಳತಿಯರು ಲೈಟಿಂಗ್ ನೋಡಲು ಕರೆದರೆ ಹೋಗುವ ಮನಸ್ಸೇ ಇರಲಿಲ್ಲ.

ಕಾಯುವ ಹೊತ್ತಿನಲ್ಲಿ ಉಳಿದ ಕಾಗದ ಮಾಡಿಸಿಕೊಂಡೆ. ಇಲ್ಲಿ ನಾನು ಒಂದು ತಪ್ಪು ಮಾಡಿದೆ, ಬೇರೆಯವರು ಮಾಡಬಾರದು ಅಂತ ಹೇಳುತ್ತಿದ್ದೇನೆ. ಕಾಲೇಜಿನ ಆಫೀಸಿನಲ್ಲಿ ಬೋನಫೈಡ್, ಅಂದರೆ ನಾನು ಅಲ್ಲೇ ಓದುತ್ತಿದ್ದೇನೆ ಅನ್ನುವ ಪತ್ರ, ಬೇಕು ಅಂದೆ. ಅವರು ತಮ್ಮ ಮಾಮೂಲಿ ಬೋನಫೈಡ್ ಕೊಟ್ಟರು. ಆದರೆ ಈ ಯೋಜನೆಗೆ ಅದರದೇ ನಮೂನೆ ಇದೆ. ಅನೆಕ್ಷರ್ ಒನ್ ಸೈನಿಕ್ ಬೋರ್ಡ್ ಕೊಡುವುದು, ಅನೆಕ್ಷರ್ ಟೂ ಕಾಲೇಜಿನದು, ಅನೆಕ್ಷರ್ ತ್ರೀ ಬ್ಯಾಂಕಿನದು. ಮೂರನ್ನೂ ವೆಬ್‌ಸೈಟಿನಿಂದ ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು. ನಾನು ಎರಡನೇ ಸಲ ಹೋದಾಗ ಪ್ರಿನ್ಸಿಪಾಲರು ಊರಲ್ಲಿರಲಿಲ್ಲ. ಮೂರನೇ ಸಲ ಸಹಿ ಆಯಿತು, ಸೀಲ್ ಹಾಕುವುದು ಮರೆತರು. ನಾಲ್ಕನೇ ಸಲಕ್ಕೆ ಎರಡೂ ಆಯಿತು. ಹತ್ತು ದಿನ ಹೋಯಿತು.

ಬ್ಯಾಂಕ್ ಖಾತೆ ಓದುವವರ ಹೆಸರಲ್ಲೇ ಇರಬೇಕು, ಆಧಾರ್ ಜೋಡಣೆ ಆಗಿರಬೇಕು. ನನ್ನ ಖಾತೆ ಹೈಸ್ಕೂಲಿನಲ್ಲಿ ತೆರೆದದ್ದು, ಅಮ್ಮನ ಜೊತೆ ಜಂಟಿ. ಹೊಸದು ತೆರೆದೆ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಆದೇಶ ಬಂದ ದಿನ ಅಪ್ಪ ಫೋನಿನಲ್ಲಿ ನನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದರು. ಇನಿಶಿಯಲ್ ಎರಡೂ ಸೇರಿಸಿ. ‘ಈಗ ಸರಿ ಐತಾ ನೋಡ್ಕೊ’ ಅಂದರು. ಸರಿ ಇತ್ತು. ನಾನು ಇನ್ನೊಮ್ಮೆ ಓದಿಸಿದೆ.

ಅರ್ಜಿ ಹಾಕುವುದು ಆನ್‌ಲೈನ್. ಸೈಬರ್ ಸೆಂಟರಿಗೆ ಹೋಗದೆ ಕಾಲೇಜಿನ ಲ್ಯಾಬಿನಲ್ಲಿ ಕೂತು ನಾನೇ ಹಾಕಿದೆ. ಜೆರಾಕ್ಸ್ ಅಲ್ಲ, ಒರಿಜಿನಲ್ಲುಗಳನ್ನೇ ಕಲರ್‌ನಲ್ಲಿ ಸ್ಕ್ಯಾನ್ ಮಾಡಬೇಕು. ಆಮೇಲೆ ಎಲ್ಲ ಒರಿಜಿನಲ್ ಹಿಡಿದು ಮತ್ತೆ ಸೈನಿಕ್ ಬೋರ್ಡಿಗೆ. ಅವರು ನೋಡಿ, ಸರಿ ಇದ್ದರೆ ಅಲ್ಲಿಂದ ಮುಂದಕ್ಕೆ, ಕೊನೆಗೆ ದೆಹಲಿಗೆ. ನಾವು ಹೋದದ್ದು ನವೆಂಬರ್ ಕೊನೆಯ ವಾರ. ಕಾರಿಡಾರಿನಲ್ಲಿ ನನ್ನ ವಯಸ್ಸಿನವರು ಹತ್ತು ಹನ್ನೆರಡು ಜನ, ಪಕ್ಕದಲ್ಲಿ ಅವರ ಅಪ್ಪಂದಿರು. ಒಬ್ಬ ಹುಡುಗಿ ಅಮ್ಮನ ಜೊತೆ ಬಂದಿದ್ದಳು. ಅವರ ಅಮ್ಮ ಫೈಲನ್ನು ಎದೆಗೆ ಒತ್ತಿ ಹಿಡಿದು ಕೂತಿದ್ದರು. ಅಪ್ಪ ಎದ್ದು ಹೋಗಿ ಅವರಿಗೆ ಮುಂದೆ ಜಾಗ ಮಾಡಿಕೊಟ್ಟರು. ಯಾರೂ ಏನೂ ಕೇಳಲಿಲ್ಲ.

ಅದೇ ದಿನ ಒಬ್ಬರು ಪಿರಿಯಾಪಟ್ಟಣ ಕಡೆಯಿಂದ ಬಂದಿದ್ದರು. ಅವರ ಮಗ ಎರಡನೇ ವರ್ಷದ ಎಂಜಿನಿಯರಿಂಗ್. ಅಂಕ ನನಗಿಂತ ಜಾಸ್ತಿ. ಆದರೆ ಮೊದಲ ವರ್ಷ ಯಾರೂ ಹೇಳಲಿಲ್ಲ, ಗೊತ್ತಾಗಲಿಲ್ಲ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದ್ದರೆ ಆಗುತ್ತಿತ್ತು, ಅವನು ಪಿಯುಸಿಯಿಂದ ಬಂದವನು. ಮೇಜಿನ ಆಚೆ ಇದ್ದವರಿಗೂ ಹೇಳಲು ಕಷ್ಟವಾಯಿತು. ಆ ಅಪ್ಪ ‘ಆಯ್ತು ಸಾಬ್’ ಅಂದು ಎದ್ದು ಹೋದರು. 20 ವರ್ಷಕ್ಕೂ ಜಾಸ್ತಿ ಸರ್ವಿಸ್ ಮಾಡಿದ ಮನುಷ್ಯ. ಇದನ್ನು ನಾನು ಮರೆಯಲು ಆಗುವುದಿಲ್ಲ. ಈ ಬರಹ ಬರೆಯಲು ಕೂತದ್ದೂ ಅವರ ನೆನಪಿಗೇ. ನಿವೃತ್ತಿಯಾಗಿ ಹಳ್ಳಿ ಸೇರಿದವರಿಗೆ ಇಂಥ ಸುದ್ದಿ ತಲುಪುವುದು ಕ್ಯಾಂಟೀನ್ ಕ್ಯೂನಲ್ಲಿ, ಅದೂ ಅದೃಷ್ಟವಿದ್ದರೆ. ಪಿಯುಸಿ ಕಾಲೇಜುಗಳಲ್ಲಿ ‘ನಿಮ್ಮಲ್ಲಿ ಮಾಜಿ ಸೈನಿಕರ ಮಕ್ಕಳು ಯಾರಿದ್ದೀರಿ’ ಅಂತ ಒಂದು ಮಾತು ಕೇಳಿದರೆ ಎಷ್ಟೋ ಮನೆಗಳಿಗೆ ಉಪಕಾರ ಆಗುತ್ತದೆ.

ಅರ್ಜಿ ಹೋದ ಮೇಲೆ ತಿಂಗಳುಗಟ್ಟಲೆ ಕಾದೆವು. ಪಟ್ಟಿಯಲ್ಲಿ ನನ್ನ ಹೆಸರು ಬಂತು. ಕುಮಾರಿ ಇಲ್ಲದ ನನ್ನ ಹೆಸರು. ಒಂದು ಮಧ್ಯಾಹ್ನ ಕ್ಲಾಸಿನಲ್ಲಿದ್ದಾಗ ಫೋನಿಗೆ ಮೆಸೇಜ್ ಬಂತು, 36,000 ಜಮಾ. ಸಂಜೆ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

‘ಸ್ಕಾಲರ್‌ಶಿಪ್ ಬಂತು ಅಂತ ಊರಲ್ಲಿ ಹೇಳ್ಲಾ?’ ಅಂತ ಕೇಳಿದರು.

‘ನಿನ್ ಸಂಬಳ ಬಂತು ಅಂತ ಹೇಳಪ್ಪ’ ಅಂದೆ.

ಅದನ್ನು ನಾನು ಸುಮ್ನೆ ಬಾಯಿಮಾತಿಗೆ ಅಂದದ್ದಲ್ಲ. ಹಾಸ್ಟೆಲ್ಲಿನಲ್ಲಿ ಒಬ್ಬಳು ‘ನಿಂಗೆ ಫ್ರೀ ದುಡ್ಡು ಬರುತ್ತಲ್ವಾ’ ಅಂದಾಗಲೂ ಇದನ್ನೇ ಹೇಳಿದೆ. ಫ್ರೀ ಅಲ್ಲ. ಆ ದುಡ್ಡು ನಮ್ಮಪ್ಪ ಮನೆಯಲ್ಲಿ ಇಲ್ಲದ ದಿನಗಳದ್ದು. ಅವಳಿಗೆ ರೈಲಿನಲ್ಲಿ ಮಾಡಿದ ಲೆಕ್ಕ ತೋರಿಸಿದೆ. ಆಮೇಲೆ ಅವಳು ಹಾಗೆ ಅನ್ನಲಿಲ್ಲ.

ಪ್ರತಿ ವರ್ಷ ಮುಂದುವರಿಸಬೇಕು. ವರ್ಷದ ಪರೀಕ್ಷೆ ಪಾಸಾಗಿ ಶೇ 50 ಇರಬೇಕು. ಇದರ ಬಗ್ಗೆ ನನಗೆ ಮೊದಲು ಹೆದರಿಕೆ ಇತ್ತು. ಮೂರನೇ ಸೆಮಿಸ್ಟರಿನ ಗಣಿತದಲ್ಲಿ ಅಂಚಿನಲ್ಲಿ ಪಾಸಾದೆ, ಆ ರಾತ್ರಿ ನಿದ್ದೆ ಮಾಡಲಿಲ್ಲ. ನಮ್ಮಲ್ಲಿ ಅಂಕ ಕೊಡುವುದು ಗ್ರೇಡ್ ಲೆಕ್ಕದಲ್ಲಿ, ಹಾಗಾಗಿ ಅದನ್ನು ಶೇಕಡಾವಾರಿಗೆ ಬದಲಿಸಿದ ಪತ್ರವನ್ನೂ ಕಾಲೇಜಿನಿಂದ ತೆಗೆದುಕೊಳ್ಳಬೇಕು. ರಿಸಲ್ಟ್ ಬಂದ ವಾರದಲ್ಲೇ ಅದನ್ನು ಮಾಡಿಸಿಕೊಂಡುಬಿಡುತ್ತೇನೆ. ಎರಡನೇ ವರ್ಷದ ಫೀಸಿಗೆ ಆ 36,000ದ ಜೊತೆ ಹೊಗೆಸೊಪ್ಪಿನ ದುಡ್ಡು ಸೇರಿಸಿದೆವು. ಬಳೆಗಳು ಆ ವರ್ಷವೇ ಬಿಡಿಸಿಕೊಂಡು ಬಂದವು. ಅಮ್ಮ ಬ್ಯಾಂಕಿನ ಮೆಟ್ಟಿಲ ಮೇಲೇ ಹಾಕಿಕೊಂಡರು.

ನಾನು ಈಗ ಕೊನೆಯ ಹಂತದಲ್ಲಿದ್ದೇನೆ. ಊರಿಗೆ ಹೋದಾಗ ಅಕ್ಕಪಕ್ಕದ ಹಳ್ಳಿಗಳ ಮಾಜಿ ಸೈನಿಕರು ಅಪ್ಪನನ್ನು ಕೇಳಿಕೊಂಡು ಬರುತ್ತಾರೆ. ಒಬ್ಬರ ಮಗಳು ಬಿ.ಎ. ಓದುತ್ತಿದ್ದಾಳೆ, ಇದು ಆಗುವುದಿಲ್ಲ. ಅವರಿಗೆ ರಕ್ಷಾ ಮಂತ್ರಿಗಳ ಮಾಜಿ ಸೈನಿಕರ ಕಲ್ಯಾಣ ನಿಧಿಯಿಂದ ಬರುವ ಶಿಕ್ಷಣ ಸಹಾಯದ ಬಗ್ಗೆ ಹೇಳಿದೆ. ಹವಾಲ್ದಾರ್ ದರ್ಜೆಯವರೆಗಿನವರ ಇಬ್ಬರು ಮಕ್ಕಳಿಗೆ ಒಂದನೇ ತರಗತಿಯಿಂದ ಡಿಗ್ರಿವರೆಗೆ ಸಿಗುತ್ತದೆ. ಮೊದಲು ತಿಂಗಳಿಗೆ 1,000 ಇತ್ತು, 2025ರ ನವೆಂಬರಿನಿಂದ 2,000 ಆಗಿದೆ. ಅದಕ್ಕೂ ಅರ್ಜಿ ಹೋಗುವುದು ಸೈನಿಕ್ ಬೋರ್ಡ್ ಮೂಲಕವೇ.

ಹೋದ ಭಾನುವಾರ ಇನ್ನೊಬ್ಬರು ಬಂದಿದ್ದರು. ಮಗಳಿಗೆ ನರ್ಸಿಂಗ್ ಸೇರುವ ಆಸೆ. ಫೀಸು ಎಷ್ಟು, ಯಾವ ಕಾಲೇಜು, ಮಾರ್ಕ್ಸ್ ಎಷ್ಟು ಅಂತ ಒಂದೇ ಉಸಿರಿನಲ್ಲಿ ಹೇಳತೊಡಗಿದರು. ಅಮ್ಮ ಟೀ ತಂದಿಟ್ಟರು. ಅವರು ತಂದಿದ್ದ ಕೈಚೀಲದಲ್ಲಿ ಪ್ಲಾಸ್ಟಿಕ್ ಕವರ್, ಕವರಿನೊಳಗೆ ಅದೇ ಥರದ ಪುಸ್ತಕ ಕಾಣುತ್ತಿತ್ತು.

‘ಅದೆಲ್ಲ ಆಮೇಲೆ ನೋಡೋಣ ಅಂಕಲ್’ ಅಂದೆ. ‘ಮೊದ್ಲು ಕುಟುಂಬದ ಪುಟ ತೆಗೀರಿ. ಮಗಳ ಮಾರ್ಕ್ಸ್ ಕಾರ್ಡ್ ಪಕ್ಕದಲ್ಲಿ ಇಡಿ.’